ಉರುಕುಂದಮ್ಮನ ಕಿವಿ

ನಾಗಲದಿನ್ನೆಯ ಹೊಳೆದಂಡೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಉರುಕುಂದಮ್ಮ ಹೊಲಕ್ಕೆ ಕುರಿ ಇಳಿಸುವ ಮುಂಚೆ ಮಣ್ಣು ಮೂಸುತ್ತಾಳೆ ಅಂತ. ಸುಮ್ಮನೆ ಬಗ್ಗಿ ನೋಡುವುದಲ್ಲ. ಮೊಣಕಾಲೂರಿ ಕೂತು, ಒಂದು ಹಿಡಿ ಮಣ್ಣೆತ್ತಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾಳೆ. ಆಮೇಲೆ ಒಂದು ಚಿಟಿಕೆ ನಾಲಿಗೆಯ ತುದಿಗೆ. ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡು "ಬಿಡು" ಅಂದರೆ ಕುರಿ ಇಳಿಯಬೇಕು. ತಲೆ ಅಲ್ಲಾಡಿಸಿದಳೋ, ಹುಲ್ಲು ಮೊಣಕಾಲುದ್ದ ಬೆಳೆದಿದ್ದರೂ ಅತ್ತ ಒಂದು ಮರಿಯೂ ಹೋಗುವ ಹಾಗಿಲ್ಲ. "ಏನ್ ಯಕ್ಕಾ, ಉಪ್ಪು ಖಾರ ಸರಿ ಐತೇನು?" ಅಂತ ದಾರಿಹೋಕರು ಕೆಣಕುತ್ತಾರೆ. ಅವಳು ನಗುವುದಿಲ್ಲ.

ನಗುವವರಿಗೇನು, ನಗುತ್ತಾರೆ. ಒಂದೇ ಮಧ್ಯಾಹ್ನ ಇಪ್ಪತ್ತೇಳು ಕುರಿ ಕಾಲು ಬಡಿದು ಸತ್ತದ್ದನ್ನು ಕಂಡವರು ಅವರಲ್ಲ.

ಅದು ಹನ್ನೊಂದು ವರ್ಷದ ಹಿಂದಿನ ಮಾತು. ಉರುಕುಂದಮ್ಮ, ಅವಳ ಗಂಡ ಹನುಮಣ್ಣ, ಇಬ್ಬರೂ ಕುರಿ ಹೊಡೆದುಕೊಂಡು ಗೋನೆಗಂಡ್ಲದ ಕಡೆ ಹೋಗಿದ್ದರು. ಶೇಂಗಾ ಕಿತ್ತ ಹೊಲವೊಂದು ಕಂಡಿತು. ಬದುವಿನ ಆ ತುದಿಯಲ್ಲಿ ಹೊಲದ ಯಜಮಾನ ನಿಂತಿದ್ದ. ಕುರಿ ಬಿಡಬಹುದಾ ಅಂತ ಹನುಮಣ್ಣ ಕೂಗಿ ಕೇಳಿದ. ಗಾಳಿ ಜೋರಾಗಿತ್ತು. ಆ ಮನುಷ್ಯ ತೆಲುಗಿನಲ್ಲಿ ಏನೋ ಕೂಗಿ ಕೈಯಾಡಿಸಿದ. ಹನುಮಣ್ಣನಿಗೆ ಕೇಳಿದ್ದು "ಮಂದ ಪೆಟ್ಟಿನಾಂ" ಅಂತ. ಆ ಮನುಷ್ಯ ಅಂದದ್ದು "ಮಂದು ಪೆಟ್ಟಿನಾಂ" ಅಂತ.

ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಬೇಕು. ಗಡಿಯ ಈ ಊರುಗಳಲ್ಲಿ ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ತೆಲುಗು, ಜಗಳಕ್ಕೆ ಎರಡೂ. ತೆಲುಗಿನವರ 'ಮಂದ' ಅಂದರೆ ನಮ್ಮ ಮಂದೆ, ಕುರಿಯ ಹಿಂಡು. 'ಮಂದು' ಅಂದರೆ ಔಷಧಿ. ಜ್ವರಕ್ಕೆ ನುಂಗುವ ಮಾತ್ರೆಯೂ ಮಂದು, ಚೀಲದ ಗೊಬ್ಬರವೂ ಮಂದು, ಹುಳ ಹೆಗ್ಗಣ ಕೊಲ್ಲುವ ವಿಷವೂ ಮಂದು. ಮಂದ ಪೆಟ್ಟಿನಾಂ ಅಂದರೆ ಈ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದೆವು. ಮಂದು ಪೆಟ್ಟಿನಾಂ ಅಂದರೆ ವಿಷ ಇಟ್ಟಿದ್ದೇವೆ. ಮೊದಲ ಪದದ ಕೊನೆಯ ಸ್ವರವನ್ನು ಗಾಳಿ ಎತ್ತಿಕೊಂಡು ಹೋದರೆ ಎರಡೂ ಒಂದೇ.

ಬೇರೆ ಕುರಿ ನಿಂತುಹೋದ ಹೊಲ, ಏನೂ ಭಯವಿಲ್ಲ ಅಂದುಕೊಂಡು ಹನುಮಣ್ಣ ಕುರಿ ಇಳಿಸಿದ. ಬದುವಿನ ಗುಂಟ ಹೆಗ್ಗಣಕ್ಕೆ ಚೆಲ್ಲಿದ್ದ ವಿಷದ ಕಾಳನ್ನು ಕುರಿಗಳು ಆಸೆಯಿಂದ ಆರಿಸಿ ತಿಂದವು. ಮುಂದಿನದು ಬೇಡ.

ಅಂದಿನಿಂದ ಉರುಕುಂದಮ್ಮ ಗಂಡನ ಕಿವಿಯನ್ನು ಬಿಟ್ಟವಳಲ್ಲ. ಸಾರಿಗೆ ಉಪ್ಪು ಕೇಳಿದರೂ ಅದೇ, ಬಸ್ಸಿನ ವೇಳೆ ಕೇಳಿದರೂ ಅದೇ: "ನಿನ್ನ ಕಿವಿ ಕೇಳ್ಕೊಂಡು ಹೋಗಿ ನನ್ನ ದೊಡ್ಡಿ ಬರಿದಾತು." ಬೀಗರ ಮುಂದೆ ಅಂದಳು, ಸಂತೆಯಲ್ಲಿ ನಿಂತು ಅಂದಳು. ಹನುಮಣ್ಣ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಅವಳೋ, 'ಮಂದು' ಅನ್ನುವ ಶಬ್ದ ಎಲ್ಲಿ ಕಿವಿಗೆ ಬಿದ್ದರೂ ನಿಂತಲ್ಲೇ ತಣ್ಣಗಾಗುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಅಂದರೂ ಸೈ.

ಇಂಥವಳನ್ನು ಎರಡು ವರ್ಷದ ಹಿಂದೆ ಭೀಮಲಿಂಗಪ್ಪ ತನ್ನ ಬಾಳೆತೋಟಕ್ಕೆ ಕರೆತಂದ.

ಭೀಮಲಿಂಗಪ್ಪನದು ಹೊಳೆಯ ಮಗ್ಗುಲಲ್ಲಿ ಮೂರೆಕರೆ ಬಾಳೆ, ಕಾಲುವೆಯಾಚೆ ತಗ್ಗಿನಲ್ಲಿ ಇನ್ನೊಂದು ಎಕರೆ. ಅದನ್ನು ಕೆಳಗಿನ ತೋಟ ಅನ್ನುತ್ತಾರೆ. ವರ್ಷಗಟ್ಟಲೆ ಚೀಲದ ಗೊಬ್ಬರ ಸುರಿದು ಸುರಿದು ಮಣ್ಣು ಇಟ್ಟಿಗೆಯಾಗಿತ್ತು. ಸಲಿಕೆ ಹಾಕಿದರೆ ಠಣ್ ಅನ್ನುತ್ತಿತ್ತು. ಗೊನೆಗೆ ಏಳೆಂಟು ಚಿಪ್ಪು, ತೂಕಕ್ಕೆ ಹಾಕಿದರೆ ಹನ್ನೆರಡು ಕೆಜಿ. ವ್ಯಾಪಾರದವರು ಗೊನೆ ಮುಟ್ಟಿ ನೋಡಿ ಮೂಗು ಮುರಿದು ಹೋಗುತ್ತಿದ್ದರು. ಕುರಿ ತರಿಸೋಣ ಅಂತ ಹಟ ಹಿಡಿದವಳು ಅವನ ಸೊಸೆ ಶಿವಲೀಲಾ. ಅವಳು ಸಾವಯವ ಬೇಸಾಯದ ತರಬೇತಿ ಮುಗಿಸಿ, ಈಗ ಊರೂರಿನ ಹೆಂಗಸರಿಗೆ ತಾನೇ ಹೇಳಿಕೊಡುವವಳು. ಮಾವ ಆರು ತಿಂಗಳು ಕೇಳಲಿಲ್ಲ, ಆಮೇಲೆ ಒಂದು ಗೊನೆಯನ್ನು ವ್ಯಾಪಾರಿ ಕಾಲಿನಿಂದ ಹೊರಳಿಸಿ ನೋಡಿದ ದಿನ ಕೇಳಿದ.

ಪದ್ಧತಿ ಸರಳ. ತೋಟದ ಅಂಚಿಗೆ ತಗಡಿನ ದೊಡ್ಡಿ. ನೆಲಕ್ಕೆ ಒಣಗಿದ ಬಾಳೆಎಲೆ, ಶೇಂಗಾ ಹೊಟ್ಟು. ಕುರಿಗಳ ಹಿಕ್ಕೆ, ಗಂಜಲ ಎಲ್ಲ ಅದರಲ್ಲಿ ನೆನೆಯುತ್ತದೆ. ವಾರಕ್ಕೊಮ್ಮೆ ಅದನ್ನು ಎಳೆದು ಗುಡ್ಡೆ ಹಾಕಿ, ಬೆಲ್ಲ ಕಡಲೆಹಿಟ್ಟು ಸಗಣಿ ಕೊಳೆಸಿದ ನೀರನ್ನು ಚಿಮುಕಿಸಿ, ಮಗುಚಿ, ಒಂದೂವರೆ ತಿಂಗಳು ಬಿಡಬೇಕು. ಹಸಿಯದನ್ನು ಹಾಕಿದರೆ ಕಾವಿಗೆ ಬೇರು ಸುಡುತ್ತದೆ. ಕಪ್ಪಗೆ ಪುಡಿಪುಡಿಯಾಗಿ, ವಾಸನೆ ಹೋದ ಮೇಲೆ ಗಿಡದಿಂದ ಎರಡಡಿ ದೂರಕ್ಕೆ ಸುತ್ತಲೂ ಹರಡಿ ಮೇಲೆ ಎಲೆ ಮುಚ್ಚಬೇಕು. ಬಾಳೆಯ ಬುಡದಲ್ಲಿ ಬೇಡದೆ ಏಳುವ ಮರಿಕಂದುಗಳನ್ನು ಕಡಿದು ಕುರಿಗೆ ಹಾಕಬೇಕು. ತೋಟದ್ದು ಕುರಿಗೆ, ಕುರಿಯದು ತೋಟಕ್ಕೆ. ಎರಡನೆಯ ವರ್ಷ, ಕಡಿದ ಬುಡದಿಂದ ಮತ್ತೆ ಎದ್ದ ಕೂಳೆ ಬೆಳೆಗೆ ಗೊನೆ ಹತ್ತು ಚಿಪ್ಪು ದಾಟಿತು, ತೂಕ ಇಪ್ಪತ್ತು. ವಾಲುವ ಗಿಡಗಳಿಗೆ ಬಿದಿರ ಗಳ ಆನಿಸಬೇಕಾಯಿತು. ಭೀಮಲಿಂಗಪ್ಪ ಸಲಿಕೆ ಹಾಕಿ, ಎದ್ದ ಎರೆಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ.

ಉರುಕುಂದಮ್ಮನಿಗೆ ಸಿಕ್ಕದ್ದು ಬೇರೆ. ಹುಟ್ಟಿದಾಗಿನಿಂದ ವಾರಕ್ಕೊಂದು ಹೊಲದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಏಳುವಾಗ ಕಲ್ಲನ್ನು ಅಲ್ಲೇ ಬಿಟ್ಟು ಬಂದವಳು. ಇಲ್ಲಿಗೆ ಬಂದ ಮೂರನೆಯ ತಿಂಗಳು ಆ ಮೂರು ಕಲ್ಲಿಗೆ ಮಣ್ಣು ಮೆತ್ತಿದಳು. ಮೆತ್ತಿ, ಸಾರಿಸಿ, ದೂರ ನಿಂತು ನೋಡಿದಳು. ಐವತ್ತು ದಾಟಿದ ಹೆಂಗಸು, ಒಲೆ ನೋಡಿ ಅತ್ತಳು ಅಂದರೆ ಯಾರೂ ನಂಬುವುದಿಲ್ಲ, ಆದರೆ ಅತ್ತಳು. ಆ ಹೊತ್ತಿಗೇ ಭಯವೂ ಹುಟ್ಟಿತು. ಕಳೆದುಕೊಳ್ಳುವಂಥದ್ದು ಈಗ ಒಂದಿತ್ತಲ್ಲ.

ದೊಡ್ಡಿಗೆ ಬರುವ ದಿನವೇ ಅವಳು ಭೀಮಲಿಂಗಪ್ಪನಿಗೆ ಒಂದೇ ಮಾತು ಕೇಳಿದ್ದಳು. "ಅಣ್ಣಾ, ನೀ ತೋಟಕ್ಕ ಏನರ ಮಂದು ಹಾಕೂದಿದ್ರ ಮೊದ್ಲು ನನಗ ಹೇಳಬೇಕು. ಹಾಕಿದ ಮ್ಯಾಲ ಅಲ್ಲ." ಅವನು ಬಗ್ಗಿ ಮಣ್ಣು ಮುಟ್ಟಿ, ಆಗಲಿ ಅಂದಿದ್ದ.

ಈ ಕಾರ್ತೀಕದಲ್ಲಿ ಕೆಲವು ಗಿಡಗಳ ಎಲೆ ಹಳದಿಯಾದವು. ತೋಟದ ಕೆಲಸದ ಸುಂಕೇಶ ಗೋನೆಗಂಡ್ಲದ ಕಡೆಯವನು, ತೆಲುಗಿನವನು, ಮಾತಿನ ಕೊನೆಯನ್ನು ನುಂಗುವವನು. ಅವನು ಒಂದು ಗಿಡ ಕಡಿದು ಗಡ್ಡೆ ಸೀಳಿ ತೋರಿಸಿದ. ಒಳಗೆ ಹುಳ ಕೊರೆದ ಸುರಂಗಗಳು. ಗೊಬ್ಬರದಂಗಡಿಯವನೊಬ್ಬ ಬಂದು, ಗಿಡಕ್ಕಿಷ್ಟು ಬುಡಕ್ಕೆ ಹಾಕಿರಿ ಅಂತ ಹುಳ ಸಾಯಿಸುವ ವಿಷದ ಗುಳಿಗೆಯ ಒಂದು ಪಾಕೀಟು ಕೊಟ್ಟು ಹೋದ. ಭೀಮಲಿಂಗಪ್ಪ ಅದನ್ನು ಮೋಟರಿನ ಕೋಣೆಯ ಗೂಟಕ್ಕೆ ತೂಗುಹಾಕಿದ.

"ಹಾಕ್ತೀಯೇನಣ್ಣ?" ಅಂತ ಉರುಕುಂದಮ್ಮ ಕೇಳಿದಳು.

"ನೋಡಾಣ," ಅಂದ ಭೀಮಲಿಂಗಪ್ಪ.

ಹಾಕುವುದಿಲ್ಲ ಅನ್ನಲಿಲ್ಲ. ಅದು ಅವಳ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿತು. ಅಲ್ಲಿಂದ ಒಂಬತ್ತು ದಿನ, ಬೆಳಗಾಗೆದ್ದು ಮೊದಲು ಮೋಟರಿನ ಕೋಣೆಗೆ ಹೋಗಿ, ಪಾಕೀಟು ಗೂಟದಲ್ಲಿದೆಯೋ, ಕಟ್ಟಿದ ಬಾಯಿ ಹಾಗೇ ಇದೆಯೋ ನೋಡಿ ಬರುವಳು. ಕೂಳು ಇಳಿಯುತ್ತಿರಲಿಲ್ಲ. ಕುರಿಯೊಂದು ಸೀನಿದರೆ ಎದ್ದು ಹೋಗಿ ಅದರ ಬಾಯಿ ಮೂಸುತ್ತಿದ್ದಳು. ಹೆದರಿಕೆಯವರ ಮನೆಯಲ್ಲಿ ಇದ್ದು ನೋಡಿದವರಿಗೆ ಗೊತ್ತು, ಹೆದರುವುದೇ ಒಂದು ಕೆಲಸವಾಗಿಬಿಡುತ್ತದೆ. ಮಿಕ್ಕ ಕೆಲಸವೆಲ್ಲ ಅದರ ಬಿಡುವಿನಲ್ಲಿ.

ಹತ್ತನೆಯ ದಿನ ಅವಳಿಗೆ ಏಳುವುದು ಸ್ವಲ್ಪ ತಡವಾಯಿತು. ಹನುಮಣ್ಣ ಆಗಲೇ ಬರಡು ಕುರಿಗಳನ್ನೂ ಟಗರುಗಳನ್ನೂ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ. ಮನೆಗಿದ್ದ ಒಂದೇ ಫೋನು ಇವಳ ಹತ್ತಿರ. ದೊಡ್ಡಿಯಲ್ಲಿ ಮರಿ ಹಾಕಿದ ಇಪ್ಪತ್ತೆರಡು ತಾಯಿಕುರಿ ಹಸಿದು ಒದರುತ್ತಿದ್ದವು. ಹಿಂದಿನ ಸಂಜೆ ಕೆಳಗಿನ ತೋಟದಿಂದ ಬಂಡಿಯಲ್ಲಿ ಮರಿಕಂದು ಬಂದು ಬಿದ್ದಿದ್ದವು. ಆ ತೋಟದ ಹಳೆಯ ಬಾಳೆಯನ್ನೆಲ್ಲ ಕಡಿದು ಹೊಸದಾಗಿ ನೆಡಲಿಕ್ಕೆ ಹಸನು ಮಾಡುತ್ತಿದ್ದರು. ಉರುಕುಂದಮ್ಮ ಕಂದುಗಳನ್ನು ಕೊಚ್ಚಿ ಹಾಕಿದಳು. ಕುರಿಗಳು ಮುಗಿಬಿದ್ದು ತಿಂದವು. ಮೊದಲು ಬಂದು ಹೆಚ್ಚು ತಿಂದದ್ದು ಕರಿಗಲ್ಲಿ. ಬಿಳಿ ಮೈ, ಎರಡೂ ಗಲ್ಲ ಕಪ್ಪು. ಹಿಂಡಿಗೆ ದಾರಿ ತೋರಿಸುವ ಕುರಿ ಅದು, ಕೊರಳಲ್ಲಿ ಗಂಟೆ, ಮಗ್ಗುಲಲ್ಲಿ ಹತ್ತು ದಿನದ ಮರಿ.

ಎಂಟು ಗಂಟೆಯ ಹೊತ್ತಿಗೆ ಬಕೆಟ್ಟು ತೊಳೆಯಲು ಮೋಟರಿನ ಕೋಣೆಗೆ ಹೋದಳು. ಗೂಟ ಬರಿದಾಗಿತ್ತು.

ಕೆಳಗೆ ಬಿದ್ದಿರಬೇಕೆಂದು ನೆಲ ನೋಡಿದಳು. ಚೀಲಗಳ ಹಿಂದೆ, ಪೈಪಿನ ಸುರುಳಿಯ ಅಡಿ ಕೈಯಾಡಿಸಿದಳು. ಇಲ್ಲ. ಅಷ್ಟರಲ್ಲಿ ಕುಪ್ಪಸದೊಳಗೆ ಫೋನು ಬಡಿದುಕೊಂಡಿತು. ಸುಂಕೇಶ. ಮೋಟರು ಗುಂಯ್ ಅಂತ ನಡೆದಿತ್ತು, ಆ ಕಡೆ ಅವನ ಬೈಕಿನ ಸದ್ದು.

"ಅಕ್ಕಾ, ನಿನ್ನ ಕಿಂದಿ ತೋಟಲೋ ಮಂದ್ ಪೆಟ್ಟಿನಾಂ. ಗೊರ್ರೆಲ್ನಿ ಅಟು ಇಡ್ಸಾಕು," ಅಂದ ಸುಂಕೇಶ.

ನಿನ್ನೆ ಕೆಳಗಿನ ತೋಟದಲ್ಲಿ ಇಟ್ಟಿದ್ದೇವೆ, ಕುರಿಗಳನ್ನು ಅತ್ತ ಬಿಡಬೇಡ. ನಿನ್ನೆ ಇಟ್ಟದ್ದು. ನಿನ್ನೆ ಕಡಿದ ಕಂದು. ಇಂದು ಬೆಳಿಗ್ಗೆ ಕೊಚ್ಚಿ ಹಾಕಿದ್ದು.

"ಯಾವ ಮಂದು? ಸುಂಕೇಶಾ, ಯಾವ ಮಂದೋ?"

ಫೋನು ಕಟ್ಟಾಗಿತ್ತು. ತಿರುಗಿ ಮಾಡಿದರೆ ಹತ್ತಲಿಲ್ಲ. ಭೀಮಲಿಂಗಪ್ಪ ಮುಂಜಾನೆಯ ಬಸ್ಸಿಗೆ ಆದೋನಿಗೆ ಹೋಗಿದ್ದ. ಅವನ ಫೋನು ಗಣಗಣ ಬಾರಿಸಿ ಬಾರಿಸಿ ನಿಂತಿತು. ಶಿವಲೀಲಾ ನಂದವರದಲ್ಲಿ ಮೀಟಿಂಗಿಗೆ ಕೂತಿದ್ದಳು. ಅವಳೂ ಎತ್ತಲಿಲ್ಲ. ಉರುಕುಂದಮ್ಮ ದೊಡ್ಡಿಗೆ ಓಡಿದಳು.

ಕೆಳಗಿನ ತೋಟ ಬಹಳ ದೂರವಿರಲಿಲ್ಲ, ಕಾಲುವೆಯ ಏರಿಯ ಮರೆಗೆ ತಗ್ಗಿನಲ್ಲಿದ್ದುದರಿಂದ ಇತ್ತ ಏನೂ ಕಾಣುತ್ತಿರಲಿಲ್ಲ, ಮೋಟರಿನ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಕಾಲುವೆ ದಾಟಿ ಹೋಗಿ ಒಂದು ಹಿಡಿ ಮಣ್ಣು ಮೂಸಬಹುದಿತ್ತು. ಹನ್ನೊಂದು ವರ್ಷ ಎಲ್ಲರ ಮುಂದೆ ಮೂಸಿದವಳು ಆ ಒಂದು ದಿನ ಮೂಸಲಿಲ್ಲ. ಕುರಿಗಳ ಹೊಟ್ಟೆಯೊಳಗೆ ಹೋಗಿದೆ, ಇನ್ನು ಮಣ್ಣು ಮೂಸಿ ಏನಾಗಬೇಕು ಅನ್ನಿಸಿತು. ಹೊತ್ತು ಕಳೆದಷ್ಟೂ ಒಂದೊಂದು ಜೀವ ಅನ್ನಿಸಿತು. ಅನ್ನಿಸುವುದು ಸಹಜ, ಅವಳನ್ನು ಬಯ್ಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ದೊಡ್ಡಿಯಲ್ಲಿ ಎಲ್ಲವೂ ಗುರುತುಗಳಾಗಿ ಕಂಡವು. ಒಂದು ಕುರಿ ಗೋಡೆಗೆ ತಲೆಯೊತ್ತಿ ನಿಂತಿತ್ತು. ಇನ್ನೊಂದು ಮಲಗಿತ್ತು. ಕರಿಗಲ್ಲಿಯ ಬಾಯಿಂದ ಹಸಿರು ನೊರೆ ಇಳಿಯುತ್ತಿತ್ತು. ಎಳೆ ಬಾಳೆದಿಂಡು ತಿಂದ ಕುರಿಗೆ ಜೊಲ್ಲು ಸುರಿಯುತ್ತದೆ, ದಿನಾ ಸುರಿಯುತ್ತದೆ, ಅವಳೇ ದಿನಾ ಒರೆಸುತ್ತಿದ್ದಳು. ಆ ಗಳಿಗೆಯಲ್ಲಿ ಅದು ನೆನಪಿಗೆ ಬರಲಿಲ್ಲ. ಗೋನೆಗಂಡ್ಲದ ಕುರಿಗಳ ನೊರೆ ಮಾತ್ರ ಕಣ್ಣ ಮುಂದೆ ಬಂತು.

ತನ್ನ ಒಲೆಯೊಳಗಿನ ಇದ್ದಲನ್ನು ಬಾಚಿ ಕಲ್ಲಿನಿಂದ ಕುಟ್ಟಿದಳು. ಹುಣಸೆಹುಳಿ ಕಿವುಚಿ, ನೀರು ಬೆರೆಸಿ, ಇದ್ದಲ ಪುಡಿ ಕಲಸಿದಳು. ವಿಷ ತಿಂದ ಕುರಿಗೆ ಅವಳ ತಾಯಿ ಮಾಡುತ್ತಿದ್ದದ್ದು ಅದು. ಸೂರಿಗೆ ಸಿಕ್ಕಿಸಿದ್ದ ಗೊಟ್ಟ ಕೆಳಗಿಳಿಯಿತು. ಓರೆಯಾಗಿ ಕೊಯ್ದ ಬಿದಿರಿನ ಗೊಟ್ಟ, ಅದರಲ್ಲಿ ಔಷಧಿ ತುಂಬಿ ಕುರಿಯ ಬಾಯಿಗೆ ಹೊಯ್ಯುವುದು. ಗೊಟ್ಟ ಹಾಕುವುದರಲ್ಲಿ ಉರುಕುಂದಮ್ಮನ ಕೈ ಇಡೀ ದಂಡೆಗೆ ಹೆಸರಾದದ್ದು. ಕುರಿಯ ಗದ್ದ ಅದರ ಬೆನ್ನಿಗಿಂತ ಮೇಲೆ ಏರಬಾರದು. ಒಂದು ಗುಟುಕು ಹೊಯ್ಯಬೇಕು, ಗಂಟಲು ಅಲುಗುವುದನ್ನು ನೋಡಬೇಕು, ಆಮೇಲೆ ಇನ್ನೊಂದು. ಅವಸರ ಮಾಡಿದರೆ ನೀರು ಹೊಟ್ಟೆಗೆ ಹೋಗದೆ ಉಸಿರಿನ ದಾರಿ ಹಿಡಿಯುತ್ತದೆ. ಇದನ್ನು ಅವಳು ಊರಿನ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳೋ.

ಮೊದಲ ಐದಾರು ಕುರಿಗೆ ಸರಿಯಾಗಿಯೇ ಹಾಕಿದಳು. ಆಮೇಲೆ ಅವಸರ ಹತ್ತಿತು. ಒಂದು ಕುರಿಯನ್ನು ಕಾಲ ನಡುವೆ ಒತ್ತಿ ಹಿಡಿದಿರುವಾಗಲೇ ಕಣ್ಣು ಉಳಿದವುಗಳ ಮೇಲೆ, ಯಾವುದು ಮೊದಲು ಬೀಳುತ್ತದೋ ಅಂತ. ಬಾಯಲ್ಲಿ "ಈರಣ್ಣಸ್ವಾಮಿ, ಈರಣ್ಣಸ್ವಾಮಿ" ಅಂತ ಒಂದೇ ಸಮನೆ. ಹದಿನಾಲ್ಕು ಮುಗಿದವು. ಹದಿನೈದನೆಯದು ಕರಿಗಲ್ಲಿ.

ಅದು ದೊಡ್ಡ ಕುರಿ, ಕೊಸರಾಡಿತು. ಗೊಟ್ಟ ಹಲ್ಲಿಗೆ ಬಡಿದು ನೀರು ಚೆಲ್ಲಿತು. ನೊರೆ ಅವಳ ಕೈಗೆ ಹತ್ತಿತು. "ನೀ ಹೋದ್ರ ನಾ ಯಾರನ್ನ ಮುಂದ ಬಿಡ್ಲೇ, ಕುಡಿಯೇ, ಕುಡಿ," ಅನ್ನುತ್ತ ಗದ್ದ ಹಿಡಿದು ಮೇಲಕ್ಕೆತ್ತಿದಳು, ಬೆನ್ನಿಗಿಂತ ಮೇಲೆ, ಆಕಾಶಕ್ಕೆ, ಮತ್ತು ಗೊಟ್ಟದಲ್ಲಿದ್ದುದನ್ನೆಲ್ಲ ಒಮ್ಮೆಗೇ ಹೊಯ್ದಳು. ಕುರಿ ಕೆಮ್ಮಿತು. ಕಣ್ಣು ಹೊರಳಿಸಿ ಇನ್ನೊಮ್ಮೆ ಕೆಮ್ಮಿತು. ಮೂಗಿನಿಂದ ಕಪ್ಪು ನೀರು ಬಂತು. ಅವಳು ಕೈಬಿಟ್ಟಾಗ ಮುಂಗಾಲು ಮಡಚಿ ಕುಸಿಯಿತು. ಉರುಕುಂದಮ್ಮ ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿ ಕುಲುಕಿದಳು, ಪಕ್ಕೆ ತಟ್ಟಿದಳು, ಮೂಗಿಗೆ ಬಾಯಿಟ್ಟು ಹೀರಿ ಉಗಿದಳು. ಕೊರಳ ಗಂಟೆ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು, ಆಮೇಲೆ ನಿಂತಿತು.

ಒಂದು ಹೋಯಿತು, ಇನ್ನು ಇಪ್ಪತ್ತೊಂದು ಅಂತ ಅವಳು ಕೂತುಬಿಟ್ಟಳು. ಗೊಟ್ಟ ಎತ್ತಲು ಕೈ ಬರಲಿಲ್ಲ. ಮಡಿಲಲ್ಲಿ ಕರಿಗಲ್ಲಿಯ ತಲೆ. ಉಳಿದವು ಸಾಯುವುದನ್ನು ಕಾಯುತ್ತ ಕೂತಳು. ಸಾವು ಕಾಯುವುದು ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮೊದಲು ಕಿವಿ ಜೋಲುತ್ತದೆ, ಆಮೇಲೆ ಹಲ್ಲು ಕಡಿಯುತ್ತವೆ.

ಕಿವಿ ಜೋಲಲಿಲ್ಲ. ಮರಿಗಳು ಹಾಲಿಗೆ ನುಗ್ಗಿದವು. ಗೊಟ್ಟ ಬೀಳದೆ ಉಳಿದಿದ್ದ ಏಳು ಕುರಿಗಳು ನೆರಳಿಗೆ ಸರಿದು, ಒಂದರ ಪಕ್ಕ ಒಂದು ಮಲಗಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿದವು. ವಿಷ ತಿಂದ ಕುರಿ ಮೆಲುಕು ಹಾಕುವುದಿಲ್ಲ. ಉರುಕುಂದಮ್ಮ ಆ ಏಳು ದವಡೆಗಳನ್ನು ನೋಡುತ್ತಾ ಕೂತಳು. ಏನೋ ಒಂದು ನಿಧಾನವಾಗಿ ತಿಳಿಯತೊಡಗಿತು. ತಿಳಿಯುವುದು ಬೇಡವಾಗಿತ್ತು.

ಹತ್ತೂವರೆಗೆ ಶಿವಲೀಲಾಳ ಫೋನು ಬಂತು.

"ಯಕ್ಕಾ, ಇಷ್ಟು ಸಲ ಮಾಡೀಯಲ್ಲ, ಏನಾತು?"

"ಕೆಳಗಿನ ತೋಟಕ್ಕ ಯಾವ ಮಂದು ಹಾಕೀರಿ?"

"ಮಂದು? ನಾವ್ಯಾಕ ಹಾಕೂಣು? ಸುಂಕೇಶ ಹೇಳಿದ್ನೇನು? ಮಂದು ಅಲ್ಲಕ್ಕ, ಮಂದೆ. ಕುರಿ ಮಂದೆ. ಆಲೂರ ಕಡೆಯವ್ರು ಇನ್ನೂರು ಕುರಿ ಹೊಡ್ಕೊಂಡು ಬಂದಿದ್ರು. ನಿಮ್ಮವಷ್ಟಽ ಆ ಎಕರೆಗೆ ಸಾಲೂದಿಲ್ಲಂತ ಮಾವ ನಿನ್ನೆ ಮಾತಾಡಿ ಎರಡು ದಿನ ನಿಲ್ಲಿಸ್ಯಾರ. ನಿಮ್ಮವು ಹೋಗಿ ಅದರಾಗ ಕಲಸ್ಕೋಬಾರ್ದು ಅಂತ ಹೇಳಾಕ ಹಚ್ಚಿದ್ದೆ."

"ಗೂಟದಾಗಿನ ಪಾಕೀಟು ಎಲ್ಲೈತಿ?"

"ಮಾವ ಆದೋನಿಗೆ ಒಯ್ದಾರ, ಅಂಗಡ್ಯಾಗ ವಾಪಸ್ ಕೊಡಾಕ. ನೀ ದಿನಾ ಮುಂಜಾನೆ ಬಂದು ಅದನ್ನಽ ನೋಡಿ ಹೋಗ್ತೀಯಂತ. ಆ ಹೆಣ್ಮಗಳು ಸೊರಗಿ ಹೋಗ್ಯಾಳ, ನಮಗ್ಯಾಕ ಬೇಕಿದು ಅಂದ್ರು. ಯಕ್ಕಾ? ಕೇಳಸ್ತೈತೇನು?"

ಕೇಳಿಸುತ್ತಿತ್ತು. ಈಗ ಚೆನ್ನಾಗಿಯೇ ಕೇಳಿಸುತ್ತಿತ್ತು. ಉರುಕುಂದಮ್ಮ ಫೋನನ್ನು ನೆಲದ ಮೇಲೆ ಇಟ್ಟಳು.

ಅಲ್ಲಿಗೆ ಹೆದರಿಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಮಗ್ಗುಲು ಬದಲಿಸಿತು. ಕುರಿಗೆ ವಿಷವಿಲ್ಲ, ಯಾವ ರೋಗವೂ ಇಲ್ಲ. ಹಿಂಡಿನ ತಲೆಯಾಗಿದ್ದ ಕುರಿಯನ್ನು ಅವಳ ಕೈಯೇ ಕೊಂದಿತ್ತು. ಇದನ್ನು ಹೇಳಿದರೆ ಭೀಮಲಿಂಗಪ್ಪ ಏನಂದಾನು? ಈಕೆಗೆ ಹೆದರಿಕೆಯ ಹುಚ್ಚು ಹಿಡಿದಿದೆ, ಇವತ್ತು ಕುರಿ ಕೊಂದಳು, ನಾಳೆ ಏನು ಮಾಡುತ್ತಾಳೋ, ಬೇರೆಯವರನ್ನು ನೋಡೋಣ ಅನ್ನುವುದಿಲ್ಲವೇ? ಇನ್ನೂರು ಕುರಿಯವರು ಕಾಲುವೆಯಾಚೆಯೇ ಇದ್ದಾರೆ. ಅವಳು ತಿರುಗಿ ತನ್ನ ಒಲೆ ನೋಡಿದಳು. ಇದ್ದಲು ಬಾಚುವ ಆತುರದಲ್ಲಿ ಮೆತ್ತಿದ ಮಣ್ಣು ಒಂದು ಕಡೆ ಕಿತ್ತು ಬಂದಿತ್ತು.

ಮೂರು ಗಂಟೆಯ ಬಸ್ಸಿಗೆ ಭೀಮಲಿಂಗಪ್ಪ ಬಂದ. ಊರ ಬಾಗಿಲಲ್ಲಿ ಸುಂಕೇಶ ಸಿಕ್ಕಿ ಬೈಕಿನಲ್ಲಿ ಕರೆತಂದಿದ್ದ. ಇಬ್ಬರೂ ದೊಡ್ಡಿಯ ಬಾಗಿಲಲ್ಲಿ ನಿಂತರು. ಸತ್ತ ಕುರಿಯ ಮೂಗಿನಲ್ಲಿ ಕಪ್ಪು ನೊರೆ ಒಣಗಿತ್ತು. ಭೀಮಲಿಂಗಪ್ಪ ನೋಡಿದವನು, ಸುಂಕೇಶನ ಕಡೆ ತಿರುಗಿದ. ಹುಳ ಕಂಡ ದಿನದಿಂದ ಗುಳಿಗೆ ಹಾಕೋಣ ಅಂತ ದುಂಬಾಲು ಬಿದ್ದಿದ್ದವನು ಸುಂಕೇಶನೇ.

"ಏನ್ ಹಾಕೀಯಲೇ ಕಂದಿನ ಬುಡಕ್ಕ? ನನಗ ಗೊತ್ತಿಲ್ದಂಗ ತಂದು ಹಾಕೀ ಹೌದಿಲ್ಲೋ?"

"ಲೇದನ್ನಾ, ನೇನೇಂ ವೇಯಲೇದು," ಅಂದ ಸುಂಕೇಶ, ಏನೂ ಹಾಕಿಲ್ಲ ಅಂತ. ಮತ್ತೆ ಮತ್ತೆ ಅದನ್ನೇ ಅಂದ.

"ಮತ್ತ ಇದು ಹೆಂಗ ಸತ್ತೈತಿ? ಇವತ್ತಽ ತೋಟ ಬಿಡು. ನಾಳೆ ನಿನ್ನ ಮುಖ ಕಾಣಬಾರ್ದು."

ಉರುಕುಂದಮ್ಮ ಬಾಯಿ ಬಿಡಲಿಲ್ಲ. ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಒಲೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಎಲ್ಲರೂ ಅಯ್ಯೋ ಪಾಪ ಅನ್ನುತ್ತಿದ್ದರು. ಸುಂಕೇಶ ಅವಳ ಕಡೆ ನೋಡಿದ. ಬೇಡಿಕೊಳ್ಳುವ ನೋಟವೂ ಅಲ್ಲ, ಏನು ನಡೆಯುತ್ತಿದೆ ಅಂತಲೇ ತಿಳಿಯದ ನೋಟ. ಆ ನೋಟವನ್ನು ಅವಳು ಎಲ್ಲೋ ಕಂಡಿದ್ದಳು. ಗೋನೆಗಂಡ್ಲದ ಬದುವಿನ ಮೇಲೆ ಹನುಮಣ್ಣ ಹೀಗೇ ನಿಂತಿದ್ದ.

"ಅವನ್ನ ಬಯ್ಯಬ್ಯಾಡಣ್ಣ," ಅಂದಳು. "ಅವನು ಮಂದೆ ಅಂದಿದ್ದ. ನಾ ಮಂದು ಅಂತ ಕೇಳಿದೆ. ಕುರಿ ಚೆನ್ನಾಗಽ ಇತ್ತು. ಗದ್ದ ಎತ್ತಿ ಗೊಟ್ಟ ಹೊಯ್ದೆ. ನಾನಽ ಕೊಂದೀನಿ."

ಭೀಮಲಿಂಗಪ್ಪ ಟವೆಲು ತೆಗೆದು ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಕೂತ. ಅವಳು ಅವನ ಬಾಯಿಂದ ಬರುವ ಮಾತಿಗೆ ಕಾದಳು. ಕುರಿ ಹೊಡ್ಕೊಂಡು ಹೋಗು ಅನ್ನುವ ಮಾತಿಗೆ.

"ನೋಡಾಣ ಅಂದೆ ನಾ ಅವತ್ತು," ಅಂದ ಭೀಮಲಿಂಗಪ್ಪ ಕಡೆಗೆ. "ಹಾಕೂದಿಲ್ಲಂತ ಒಂದು ಮಾತು ಅಂದಿದ್ರ ಆಗ್ತಿತ್ತು. ಅನ್ಲಿಲ್ಲ." ಸುಂಕೇಶನ ಕಡೆ ನೋಡದೆ, "ಹೋಗು, ಸಲಿಕೆ ತಗೊಂಡು ಬಾ," ಅಂದ.

ಹನುಮಣ್ಣ ಬಂದದ್ದು ನಾಲ್ಕು ಗಂಟೆಗೆ. ದೂರದಿಂದ ಅವನ ಕುರಿಗಳ ಧೂಳು ಕಂಡಾಗ ಉರುಕುಂದಮ್ಮ ಬೆಳಗಿಗಿಂತ ಹೆಚ್ಚು ಹೆದರಿದಳು. ಭೀಮಲಿಂಗಪ್ಪ ಏನಂದಿದ್ದರೂ ಸಹಿಸಬಹುದಿತ್ತು. ಇವನಿಗೆ ಏನು ಹೇಳುವುದು? ಹನ್ನೊಂದು ವರ್ಷ ಊಟದ ತಟ್ಟೆಯ ಮುಂದೆ ಇಕ್ಕಿದ ಮಾತುಗಳೆಲ್ಲ ಸಾಲಾಗಿ ನೆನಪಾದವು.

ಹನುಮಣ್ಣ ಕುರಿಗಳನ್ನು ಒಳಗೆ ಬಿಟ್ಟು, ಸತ್ತದ್ದನ್ನು ನೋಡಿದ. ಗೊಟ್ಟ ನೋಡಿದ. ತಾಯಿಯ ಕೆಚ್ಚಲಿಗೆ ಮೂತಿ ತಿವಿಯುತ್ತಿದ್ದ ಮರಿಯನ್ನು ನೋಡಿದ. ಅವಳು ತಲೆ ಎತ್ತದೆ ಎಲ್ಲವನ್ನೂ ಹೇಳಿದಳು. ಸುಂಕೇಶ ಹೀಗಂದ, ನನಗೆ ಹೀಗೆ ಕೇಳಿಸಿತು.

"ಗಾಳಿ ಇತ್ತೇನು?" ಅಂದ ಹನುಮಣ್ಣ.

"ಇಲ್ಲ. ಮೋಟರು ನಡದಿತ್ತು."

"ಅವತ್ತು ಗಾಳಿ ಇತ್ತು," ಅಂದ.

ಅಷ್ಟೇ. ಹನ್ನೊಂದು ವರ್ಷಕ್ಕೆ ಆ ದಿನದ ಬಗ್ಗೆ ಅವನು ಆಡಿದ ಮಾತು ಅದೊಂದೇ. ಹೋಗಿ ಸುಂಕೇಶನ ಕೈಯಿಂದ ಸಲಿಕೆ ತೆಗೆದುಕೊಂಡು, ಕೆಳಗಿನ ತೋಟದ ಮೂಲೆಯಲ್ಲಿ ಎದೆಮಟ್ಟದ ಗುಂಡಿ ತೋಡಿದ. ಗಂಟೆಯನ್ನು ಬಿಚ್ಚಿಕೊಂಡು ಕರಿಗಲ್ಲಿಯನ್ನು ಅದರಲ್ಲಿ ಮಲಗಿಸಿದರು. ಅದರ ಮೇಲೆ ಮುಂದೆ ಒಂದು ಬಾಳೆಗಿಡ ಬರುತ್ತದೆ ಅಂತ ಭೀಮಲಿಂಗಪ್ಪ ಹೇಳಿದ.

ದೊಡ್ಡಿಗೆ ತಿರುಗಿ ಬಂದಾಗ ಮರಿ ಹಸಿದು ಒದರುತ್ತಿತ್ತು. ಬೇರೆ ತಾಯಿಕುರಿಗಳು ಮೂಸಿ ನೋಡಿ ಗುದ್ದಿ ಓಡಿಸಿದವು. ಹನುಮಣ್ಣ ಹಿಂಡಿನ ಜೊತೆಗಿದ್ದ ಆಡಿನ ಹಾಲು ಕರೆದು, ನಿಪ್ಪಲು ಹಾಕಿದ ಬಾಟಲಿಗೆ ತುಂಬಿ ಹೆಂಡತಿಯ ಮುಂದೆ ಹಿಡಿದ.

"ನೀ ಕುಡಸು," ಅಂದಳು ಉರುಕುಂದಮ್ಮ. ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. "ನನ್ನ ಕೈಲೆ ಆಗೂದಿಲ್ಲ."

ಹನುಮಣ್ಣ ಬಾಟಲಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮರಿಯನ್ನು ಎತ್ತಿ ಅವಳ ಮಡಿಲಲ್ಲಿ ಇಟ್ಟ. ಅದರ ಗಲ್ಲಗಳೂ ಕಪ್ಪು. ಬಹಳ ಹೊತ್ತಿನ ಮೇಲೆ ಅವಳ ಕೈ ಹೊರಗೆ ಬಂತು. ಬೆರಳುಗಳ ಸಂದಿಯಲ್ಲಿ ಇದ್ದಲ ಕಪ್ಪು ಇನ್ನೂ ಹೋಗಿರಲಿಲ್ಲ. ಮರಿಯ ಗದ್ದವನ್ನು ತಗ್ಗಿಸಿ ಹಿಡಿದಳು, ಬೆನ್ನಿಗಿಂತ ಕೆಳಗೆ, ಇನ್ನೂ ಸ್ವಲ್ಪ ಕೆಳಗೆ. ಒಂದು ಗುಟುಕು ಬಿಟ್ಟು ಬಾಟಲಿಯನ್ನು ಎಳೆದುಕೊಂಡುಬಿಟ್ಟಳು. ಅದರ ಗಂಟಲನ್ನೇ ನೋಡಿದಳು. ಮರಿ ಕೆಮ್ಮಲಿಲ್ಲ. ಗಂಟಲು ಅಲುಗಿತು. ಅವಳು ಇನ್ನೊಂದು ಗುಟುಕು ಕೊಟ್ಟಳು.